ಅಲಂಕಾರದ ಹೆಸರೂ ಅಲಂಕಾರದ ಅರ್ಥವೂ

ಕೆಲವು ತಿಂಗಳುಗಳ ಹಿಂದೆ ಈ ಪತ್ರಿಕೆಯಲ್ಲಿ ನಾವು ಒಂದು ಸಣ್ಣ ಬರಹವನ್ನು ಪ್ರಕಟಿಸಿದೆವು. ನಮ್ಮ ಕಡೆಯ ಒಂದು ಪಟ್ಟಣದಲ್ಲಿ ಪೇಟೆಬೀದಿಯ ಉದ್ದಕ್ಕೂ ಬಾಯಿ ತೆರೆದುಕೊಂಡು ಹರಿಯುತ್ತಿದ್ದ ಚರಂಡಿಯೇ ಅದರ ವಿಷಯ. ಮನವಿಗಳನ್ನು ಬರೆದು ಬರೆದು ಬೇಸತ್ತ ಅಲ್ಲಿಯ ನಿವಾಸಿಗಳು ನಮ್ಮಲ್ಲಿಗೆ ಬರಲಾಗಿ, ದೂರು ಹೇಳುವ ಹಳೆಯ ದಾರಿಯನ್ನು ಬಿಟ್ಟು ಹೊಗಳಿಕೆಯ ದಾರಿಯನ್ನು ನಾವು ಹಿಡಿದೆವು. ಬೇಸಗೆಯಲ್ಲಿಯೂ ಬತ್ತದ ಜೀವನದಿಯೊಂದನ್ನು ಊರ ನಡುವೆ ಹರಿಯಿಸಿದ ಅಧಿಕಾರಿಗಳ ಭಗೀರಥಪ್ರಯತ್ನವನ್ನು ಕೊಂಡಾಡಿ, ಆ ನದಿಯ ತೀರದಲ್ಲಿ ಪ್ರತಿದಿನ ಸಂಜೆ ಸೊಳ್ಳೆಗಳಿಂದ ಉಚಿತವಾಗಿ ಸಂಗೀತ ಕಚೇರಿಯನ್ನು ಏರ್ಪಡಿಸಿರುವ ಅವರ ಔದಾರ್ಯಕ್ಕೆ ಪೌರರ ಪರವಾಗಿ ವಂದನೆಗಳನ್ನು ಅರ್ಪಿಸಿದೆವು.

ಮೂರನೆಯ ದಿನ ನಮಗೆ ಎರಡು ಕಾಗದಗಳು ಬಂದವು. ಸಂಬಂಧಪಟ್ಟ ಅಧಿಕಾರಿಯೊಬ್ಬರು ತಮ್ಮ ಕಚೇರಿಯ ಸೇವೆಯನ್ನು ಗುರುತಿಸಿದ್ದಕ್ಕಾಗಿ ನಮಗೆ ಕೃತಜ್ಞತೆಯನ್ನು ತಿಳಿಸಿ, ಆ ಸಂಚಿಕೆಯ ಹತ್ತು ಪ್ರತಿಗಳನ್ನು ಕಳುಹಿಸಬೇಕೆಂದು ಬರೆದಿದ್ದರು. ಅದೇ ಬೀದಿಯಲ್ಲಿ ವಾಸವಾಗಿರುವ ನಿವೃತ್ತ ಗೃಹಸ್ಥರೊಬ್ಬರು, ಇಂತಹ ಅನಾಚಾರವನ್ನು ಹೊಗಳುವುದಕ್ಕೆ ನಮಗೆ ಎಷ್ಟು ಹಣ ಸಂದಿತೆಂದು ಕೇಳಿದ್ದರು. ಒಬ್ಬರಿಗೆ ಸಂತೋಷ, ಇನ್ನೊಬ್ಬರಿಗೆ ಕ್ರೋಧ. ಆದರೆ ಇಬ್ಬರದೂ ಒಂದೇ ತಪ್ಪು. ಇಬ್ಬರೂ ಓದಿದವರು, ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿದವರು. ಕಚೇರಿಯಲ್ಲಿ ಆ ಕಾಗದಗಳನ್ನು ಓದಿ ನಾವೆಲ್ಲರೂ ನಕ್ಕೆವು. ರಾತ್ರಿ ಮನೆಗೆ ಹೋದಮೇಲೆ ನಗು ನಿಂತಿತು. ಬರೆದ ಮಾತಿಗೆ ವಿರುದ್ಧವಾದ ಅರ್ಥವಿರಬಹುದೆಂಬ ಸಂಶಯವೇ ಓದುಬಲ್ಲವರಿಗೆ ಬಾರದಿದ್ದರೆ, ಅವರು ಕಲಿತ ಓದಿನಲ್ಲಿ ಯಾವುದೋ ಒಂದು ಅಂಶ ಬಿಟ್ಟುಹೋಗಿದೆಯೆಂದೇ ತಿಳಿಯಬೇಕು. ಆ ಅಂಶ ಯಾವುದು, ಅದನ್ನು ಶಾಲೆಯಲ್ಲಿ ಹೇಗೆ ಕಲಿಸಬಹುದು ಎಂಬುದೇ ಈ ಲೇಖನದ ವಿಚಾರ.

ಇದು ಬುದ್ಧಿಯ ಕೊರತೆಯಲ್ಲ. ಮನೆಯಲ್ಲಿ ಅತ್ತೆಯವರು "ನಮ್ಮ ಸೊಸೆ ಸೂರ್ಯನಿಗಿಂತ ಮೊದಲೇ ಏಳುತ್ತಾಳೆ" ಎಂದು ನೆರೆಮನೆಯವರಿಗೆ ಹೇಳಿದರೆ, ಅದು ಯಾವ ಬಗೆಯ ಸೂರ್ಯೋದಯವೆಂಬುದು ಐದು ವರ್ಷದ ಮಗುವಿಗೂ ತಿಳಿಯುತ್ತದೆ. ಸಂತೆಯಲ್ಲಿ ಬೆಲೆ ಕೇಳಿದ ರೈತನು "ಬಂಗಾರವನ್ನೇ ಮಾರುತ್ತಿದ್ದೀಯಲ್ಲ" ಎಂದರೆ ಅಂಗಡಿಯವನು ತನ್ನ ಕಾಯಿಯನ್ನು ಅಕ್ಕಸಾಲೆಯ ಬಳಿಗೆ ಕೊಂಡೊಯ್ಯುವುದಿಲ್ಲ. ಬಾಯಿಮಾತಿನಲ್ಲಿ ಇಷ್ಟು ಸೂಕ್ಷ್ಮಗ್ರಾಹಿಗಳಾದ ಜನರು ಅಚ್ಚಾದ ಅಕ್ಷರದ ಮುಂದೆ ಮಾತ್ರ ಮುಗ್ಧರಾಗುತ್ತಾರೆ. ಅಚ್ಚಾದುದೆಲ್ಲವೂ ಇದ್ದಂತೆಯೇ ನಿಜವೆಂದೂ, ವಕ್ರವಾದ ಮಾತು ಪದ್ಯಪುಸ್ತಕದಲ್ಲಿ ಮಾತ್ರವಿರುವುದೆಂದೂ, ಅಲ್ಲಿಯೂ ಅದಕ್ಕೊಂದು ಹೆಸರಿಟ್ಟು ಬಿಟ್ಟರೆ ಕೆಲಸ ಮುಗಿಯಿತೆಂದೂ ಶಾಲೆಯು ಅವರಿಗೆ ಕಲಿಸಿರುವುದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ನಮ್ಮ ಪ್ರೌಢಶಾಲೆಗಳಲ್ಲಿ ಅಲಂಕಾರದ ಪಾಠ ನಡೆಯುವ ಬಗೆಯನ್ನು ನೋಡಿದವರು ಈ ಮಾತನ್ನು ಒಪ್ಪದಿರಲಾರರು. ಹೆಸರಿಸಿ, ಲಕ್ಷಣವನ್ನು ಬರೆದು, ಸಮನ್ವಯಗೊಳಿಸಿರಿ ಎಂಬುದು ಪ್ರಶ್ನೆ. ಮುಖವು ಕಮಲದಂತೆ ಅರಳಿತು ಎಂದು ಕೊಟ್ಟರೆ ಮುಖ ಉಪಮೇಯ, ಕಮಲ ಉಪಮಾನ, 'ಅಂತೆ' ಎಂಬುದು ಉಪಮಾವಾಚಕ, ಅರಳುವಿಕೆ ಸಮಾನಧರ್ಮ; ಆದಕಾರಣ ಇದು ಉಪಮಾಲಂಕಾರ. ಉತ್ತರ ಸರಿ, ಅಂಕ ಪೂರ್ತಿ. ಆ ಮುಖ ಏಕೆ ಅರಳಿತು, ಅದಕ್ಕೆ ಮೊದಲು ಅದು ಬಾಡಿತ್ತೇ, ಅರಳಿಸಿದ ಸೂರ್ಯ ಯಾರು, ಕಮಲದ ಬದಲಾಗಿ ಮಲ್ಲಿಗೆಯೆಂದಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ಹುಡುಗನನ್ನು ಯಾರೂ ಕೇಳುವುದಿಲ್ಲ. ಶವಪರೀಕ್ಷೆಯಲ್ಲಿ ಅಂಗಾಂಗಗಳ ಹೆಸರುಗಳೆಲ್ಲವೂ ಸರಿಯಾಗಿಯೇ ಇರುತ್ತವೆ. ಮನುಷ್ಯನು ಮಾತ್ರ ಎದ್ದು ಮಾತನಾಡುವುದಿಲ್ಲ.

ಗಾದೆಯ ವಿಸ್ತರಣೆಯೂ ಹೀಗೆಯೇ. ಗಾದೆಯು ಕನ್ನಡಿಗರ ಮನೆಮನೆಯ ವಿಡಂಬನೆ. "ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ" ಎಂಬ ಒಂದು ಸಾಲಿನಲ್ಲಿ ಒಂದು ಪ್ರಹಸನವೇ ಅಡಗಿದೆ. ಆದರೆ ಉತ್ತರಪತ್ರಿಕೆಯಲ್ಲಿ ಗಾದೆ ಯಾವುದೇ ಇರಲಿ, ಗಾದೆಗಳು ವೇದಕ್ಕೆ ಸಮಾನವೆಂದು ಮೊದಲಾಗಿ, ಹಿರಿಯರ ಅನುಭವಾಮೃತವೆಂದು ನಡೆದು, ನಾವೆಲ್ಲರೂ ಇದನ್ನು ಪಾಲಿಸಬೇಕೆಂದು ಮುಗಿಯುತ್ತದೆ. ಮಜ್ಜಿಗೆಯಿಲ್ಲದಿರುವುದನ್ನು ನಾವೆಲ್ಲರೂ ಹೇಗೆ ಪಾಲಿಸಬೇಕೋ ತಿಳಿಯದು. ನಗಬೇಕಾದ ಸ್ಥಳದಲ್ಲಿ ಕೈಮುಗಿಯುವ ಅಭ್ಯಾಸ ಇಲ್ಲಿಂದಲೇ ಮೊದಲಾಗುತ್ತದೆ.

ಇಂತಹ ಸ್ಥಿತಿ ಬೇರೆ ಯಾವ ಭಾಷೆಗೆ ಬಂದಿದ್ದರೂ ಬರಬಹುದಾಗಿತ್ತು, ಕನ್ನಡಕ್ಕೆ ಬರಬಾರದಾಗಿತ್ತು. ನಮ್ಮ ಭಾಷೆಯಲ್ಲಿ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಅಲಂಕಾರಶಾಸ್ತ್ರಗ್ರಂಥ. ಸುಮಾರು ಕ್ರಿ.ಶ. ೮೫೦ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನ ಕೈಯಲ್ಲಿ ರೂಪುಗೊಂಡ ಆ ಗ್ರಂಥವು ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿ ಕಾವ್ಯದ ದೋಷಗಳನ್ನೂ ಶಬ್ದಾಲಂಕಾರ ಅರ್ಥಾಲಂಕಾರಗಳನ್ನೂ ವಿವರಿಸುತ್ತದೆ. ಕನ್ನಡ ನಾಡಿನ ಜನರು ಶಾಸ್ತ್ರವನ್ನು ಕಲಿಯದೆಯೇ ಕಾವ್ಯದ ಮರ್ಮವನ್ನು ಬಲ್ಲವರೆಂದು ಅದು ಹೆಮ್ಮೆಯಿಂದ ಹೇಳಿತು. ಇಂದು ನಾವು ಶಾಸ್ತ್ರದ ಹೆಸರುಗಳನ್ನು ಕಲಿಸಿ ಮರ್ಮವನ್ನು ಮರೆಯಿಸುತ್ತಿದ್ದೇವೆ.

ಇದಕ್ಕೆ ಪ್ರಾಚೀನ ಶಾಸ್ತ್ರಕಾರರು ಹೊಣೆಯಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಉಪಮೆ, ರೂಪಕ, ದೀಪಕ, ಯಮಕಗಳೆಂಬ ನಾಲ್ಕೇ ಅಲಂಕಾರಗಳಿದ್ದವು. ಅಪ್ಪಯ್ಯದೀಕ್ಷಿತರ ಕುವಲಯಾನಂದದ ಹೊತ್ತಿಗೆ ಅವು ನೂರನ್ನು ಮೀರಿದವೆಂಬುದು ನಿಜ. ಆದರೆ ಆ ಪರಂಪರೆಯ ಮುಖ್ಯ ಪ್ರಶ್ನೆ ಹೆಸರುಗಳ ಸಂಖ್ಯೆಯದಾಗಿರಲಿಲ್ಲ. ಆಡಿದ ಮಾತಿನಿಂದ ಆಡದ ಅರ್ಥ ಹೇಗೆ ಹೊರಡುತ್ತದೆ ಎಂಬುದೇ ಅವರ ಪ್ರಶ್ನೆ. ಶಬ್ದವು ನೇರವಾಗಿ ಹೇಳುವುದು ಅಭಿಧೆ. ನೇರವಾದ ಅರ್ಥ ಹೊಂದದಿದ್ದಾಗ ಸಮೀಪದ ಇನ್ನೊಂದು ಅರ್ಥಕ್ಕೆ ನಡೆಯುವುದು ಲಕ್ಷಣೆ. ಇವೆರಡೂ ಮುಗಿದಮೇಲೆ ಕೇಳುಗನ ಮನಸ್ಸಿನಲ್ಲಿ ಮೊಳಗುವುದು ವ್ಯಂಜನೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಈ ಕೊನೆಯದನ್ನೇ ಕಾವ್ಯದ ಆತ್ಮವೆಂದು ಸ್ಥಾಪಿಸಿದನು. ಆಡಿದ ಮಾತಿಗೆ ವಿಪರೀತವಾದ ಅರ್ಥ ಬರುವುದನ್ನು ವಿಪರೀತಲಕ್ಷಣೆಯೆಂದೂ, ಹೊಗಳಿಕೆಯ ನೆವದಲ್ಲಿ ತೆಗಳುವುದನ್ನೂ ತೆಗಳಿಕೆಯ ನೆವದಲ್ಲಿ ಹೊಗಳುವುದನ್ನೂ ವ್ಯಾಜಸ್ತುತಿಯೆಂದೂ ಅವರು ಗುರುತಿಸಿದರು. ಸ್ವರವನ್ನು ತಿರುಗಿಸಿದ ಮಾತ್ರಕ್ಕೆ ಅರ್ಥ ತಿರುಗುವುದಕ್ಕೆ ಕಾಕುವೆಂಬ ಹೆಸರಿಟ್ಟರು. ಹೆಸರು ಅವರಿಗೆ ಕಂಡುದನ್ನು ನೆನಪಿಡುವ ಸಾಧನವಾಗಿತ್ತು. ನಮಗೆ ಕಾಣದಿರುವುದಕ್ಕೆ ಸಾಧನವಾಗಿದೆ.

ಈ ಸಂದರ್ಭದಲ್ಲಿ ನಮ್ಮ ಪಾಠಶಾಲೆಯ ದಿನಗಳ ಒಂದು ಸಂಗತಿಯನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಒಂದು ದಿನ ನಾವು ಕೆರೆಯಲ್ಲಿ ಈಜಾಡಿ ತರಗತಿಗೆ ಬಹಳ ತಡವಾಗಿ ಹೋದೆವು. ನಮ್ಮ ಪಂಡಿತರು ಪುಸ್ತಕವನ್ನು ಕೆಳಗಿಟ್ಟು, ಎರಡು ಕೈಗಳನ್ನೂ ಜೋಡಿಸಿ, "ದಯಮಾಡಿಸಬೇಕು ಮಹಾರಾಜರು. ಇಷ್ಟು ಬೇಗ ಎದ್ದುಬರುವ ಶ್ರಮವನ್ನೇಕೆ ತೆಗೆದುಕೊಂಡಿರಿ?" ಎಂದರು. ತರಗತಿಯೆಲ್ಲವೂ ನಕ್ಕಿತು. ನಾವು ತಲೆ ತಗ್ಗಿಸಿದೆವು. ಅವರು ಅಷ್ಟಕ್ಕೆ ಬಿಡಲಿಲ್ಲ. "ನಿಲ್ಲು. ನಾನು ಈಗ ಸುಳ್ಳು ಹೇಳಿದೆನೇ, ನಿಜ ಹೇಳಿದೆನೇ?" ಎಂದು ಕೇಳಿದರು. ಸುಳ್ಳೆಂದರೆ ಗುರುಗಳಿಗೆ ಅಪಚಾರ. ನಿಜವೆಂದರೆ ನಾವು ಮಹಾರಾಜರಲ್ಲ. ಉತ್ತರ ತೋಚದೆ ನಿಂತೆವು. "ನಾನು ಮಹಾರಾಜನೆಂದಾಗ ನಿನಗೆ ಏನು ಕೇಳಿಸಿತು? ಸೋಮಾರಿಯೆಂದು ಕೇಳಿಸಿತಷ್ಟೆ? ನಾನು ಆ ಮಾತನ್ನು ಆಡಲೇ ಇಲ್ಲವಲ್ಲ. ಅದು ಎಲ್ಲಿಂದ ಬಂತು?" ಎಂದು ಮತ್ತೆ ಕೇಳಿದರು. ಅಂದಿನ ಪಾಠ ಪೂರ್ತಿಯಾಗಿ ಅದೇ ಆಯಿತು. ಹೇಳಿದವರು ಯಾರು, ಯಾರಿಗೆ ಹೇಳಿದರು, ಯಾವ ಸಮಯದಲ್ಲಿ, ಯಾವ ಧ್ವನಿಯಲ್ಲಿ ಹೇಳಿದರು ಎಂಬ ನಾಲ್ಕನ್ನು ಒಂದೊಂದಾಗಿ ಬಿಡಿಸಿ, ಕಡೆಯಲ್ಲಿ ಮಾತ್ರ ಇದಕ್ಕೆ ವಿಪರೀತಲಕ್ಷಣೆಯೆಂದು ಹೆಸರೆಂದರು. ಕಂಠಪಾಠ ಮಾಡಿದ ನೂರಾರು ಶ್ಲೋಕಗಳು ಇಂದು ನಮ್ಮ ನೆನಪಿನಲ್ಲಿ ಇಲ್ಲ. ಈ ಹೆಸರು ಮಾತ್ರ ಅಳಿಸಿಲ್ಲ.

ಪಂಡಿತರ ಆ ಕ್ರಮದಲ್ಲಿಯೇ ಕಲಿಸುವ ವಿಧಾನವೆಲ್ಲವೂ ಅಡಗಿದೆ. ಮೊದಲು ಅನುಭವ, ಅನಂತರ ವಿಚಾರ, ಕೊನೆಯಲ್ಲಿ ಹೆಸರು. ಇಂದು ನಡೆಯುತ್ತಿರುವುದು ಇದಕ್ಕೆ ತಲೆಕೆಳಗು. ಉಪಾಧ್ಯಾಯರು ಮೊದಲನೆಯ ದಿನ ಹುಡುಗರಿಗೆ ಲಕ್ಷಣವನ್ನು ಬರೆಯಿಸುವ ಬದಲು, ಮನೆಯಲ್ಲಿಯೂ ಬೀದಿಯಲ್ಲಿಯೂ ಕೇಳಿದ ಐದು ವಕ್ರವಾದ ಮಾತುಗಳನ್ನು ಬರೆದು ತರಲು ಹೇಳಲಿ. ಅಜ್ಜಿಯ ಮಾತು, ಗಾಡಿಯವನ ಮಾತು, ಸಂತೆಯ ಮಾತು, ಯಾವುದಾದರೂ ಸರಿಯೆ. ಆಡಿದ್ದೇನು, ತಿಳಿದದ್ದೇನು, ನಡುವೆ ಹಾರಿಹೋದದ್ದೇನು ಎಂಬ ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ಒಂದೊಂದು ಮಾತನ್ನೂ ವಿಚಾರಿಸಲಿ. "ನೀನು ಬಹಳ ಬುದ್ಧಿವಂತ" ಎಂಬ ಮಾತನ್ನು ಒಬ್ಬ ಹುಡುಗ ಮೆಚ್ಚಿ ಹೇಳಲಿ, ಇನ್ನೊಬ್ಬ ಹಂಗಿಸಿ ಹೇಳಲಿ. ಅಕ್ಷರ ಒಂದೇ ಇದ್ದು ಅರ್ಥ ಎರಡಾದದ್ದನ್ನು ಕಿವಿಯಾರೆ ಕೇಳಲಿ. ಬರೆದ ಕಾಗದಕ್ಕೆ ಧ್ವನಿಯಿಲ್ಲ. ಓದುವವನೇ ತನ್ನ ಒಳಗಿವಿಯಿಂದ ಅದನ್ನು ಕೂಡಿಸಿಕೊಳ್ಳಬೇಕೆಂಬುದು ಆಗ ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ಅಲ್ಲಿಂದ ಕಾವ್ಯಕ್ಕೆ ಬರುವುದು ಕಷ್ಟವಲ್ಲ. ೧೧೧೨ರ ಸುಮಾರಿಗೆ ಮುಳುಗುಂದದಲ್ಲಿ ಧರ್ಮಾಮೃತವನ್ನು ಬರೆದ ನಯಸೇನನು ಹಳ್ಳಿಯ ಬಾಳಿನಿಂದಲೇ ಉಪಮಾನಗಳನ್ನು ಆರಿಸಿ ಸರಮಾಲೆಯಾಗಿ ಪೋಣಿಸಿದನು. ಅಚ್ಚಗನ್ನಡದಲ್ಲಿ ಬರೆಯುವೆನೆಂದು ಹೊರಟು ಸಲ್ಲದ ಸಂಸ್ಕೃತವನ್ನು ತುರುಕುವ ಕವಿಗಳನ್ನು ಅವನು ತುಪ್ಪಕ್ಕೆ ಎಣ್ಣೆಯನ್ನು ಬೆರಸುವವರಿಗೆ ಹೋಲಿಸಿದನು. ಇಲ್ಲಿ ಹೋಲಿಕೆಯು ಒಡವೆಯಲ್ಲ, ವಾದ. ಎರಡೂ ಜಿಡ್ಡೇ, ಎರಡೂ ಬೇರೆ ಬೇರೆಯಾಗಿ ಉಪಯುಕ್ತವೇ, ಬೆರಸಿದರೆ ಮಾತ್ರ ಎರಡೂ ಕೆಡುತ್ತವೆ ಎಂಬುದನ್ನು ವಿದ್ಯಾರ್ಥಿಯು ತಾನೇ ಬಿಡಿಸಿ ಹೇಳಿದರೆ, ಆ ಉಪಮಾನವನ್ನೇ ಆರಿಸಿದ್ದೇಕೆಂಬುದು ಅವನಿಗೆ ತಿಳಿದಂತೆ. ನಮ್ಮ ಈ ಲೇಖನದ ಭಾಷೆಯನ್ನು ನಯಸೇನನು ನೋಡಿದ್ದರೆ ಎಣ್ಣೆಯ ಗಡಿಗೆಯನ್ನು ಎಲ್ಲಿಟ್ಟಿದ್ದೀರೆಂದು ಕೇಳುತ್ತಿದ್ದನೆಂಬುದನ್ನೂ ವಿನಯದಿಂದ ಒಪ್ಪಿಕೊಳ್ಳುತ್ತೇವೆ. ಶ್ಲೇಷೆಯನ್ನು ಕಲಿಸಲು ಪುರಂದರದಾಸರ ರಾಗಿಯ ಕೀರ್ತನೆಗಿಂತ ಸುಲಭವಾದ ಸಾಧನ ಬೇಕಿಲ್ಲ. ಭಿಕ್ಷೆಯ ಜೋಳಿಗೆಗೆ ಬೀಳುವ ಧಾನ್ಯವೂ, 'ಒಳ್ಳೆಯವರಾಗಿ' ಎಂಬಂತಹ ಮಾತುಗಳ ಕಡೆಯಲ್ಲಿ ಕೇಳಿಬರುವ 'ರಾಗಿ'ಯೂ ಅಲ್ಲಿ ಒಂದಾಗುತ್ತವೆ. ಬೇಡುವವನು ಧಾನ್ಯವನ್ನು ಬೇಡುತ್ತ ನಿಜವಾಗಿ ಬೇಡುವುದು ಕೊಡುವವನ ಸನ್ನಡತೆಯನ್ನು.

ರಾಗಿಯ ಮಾತು ಬಂದುದರಿಂದ ಕನಕದಾಸರ ರಾಮಧಾನ್ಯಚರಿತೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಹದಿನಾರನೆಯ ಶತಮಾನದ ಆ ಷಟ್ಪದಿ ಕಾವ್ಯದಲ್ಲಿ ರಾಗಿಗೂ ಭತ್ತಕ್ಕೂ ಶ್ರೀರಾಮನ ಎದುರಿನಲ್ಲಿ ಯಾರು ಮೇಲೆಂಬ ವಿವಾದವಾಗುತ್ತದೆ. ಭತ್ತವು ತನ್ನ ಕುಲದ ಹಿರಿಮೆಯನ್ನೂ ದೇವಕಾರ್ಯಗಳಲ್ಲಿ ತನಗಿರುವ ಸ್ಥಾನವನ್ನೂ ಹೇಳಿಕೊಂಡು ರಾಗಿಯನ್ನು ಹೀನವೆಂದು ಹಳಿಯುತ್ತದೆ. ಬಡವರನ್ನು ಕಾಪಾಡುವುದು ತಾನೆಂದು ರಾಗಿಯು ಉತ್ತರ ಕೊಡುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಅವಧಿ ಮುಗಿದಾಗ ಭತ್ತವು ಸತ್ವವನ್ನು ಕಳೆದುಕೊಂಡಿರುತ್ತದೆ, ರಾಗಿಯು ಗಟ್ಟಿಯಾಗಿಯೇ ಉಳಿದಿರುತ್ತದೆ; ರಾಗಿಗೆ ರಾಘವನ ಹೆಸರೇ ದೊರೆಯುತ್ತದೆ.

ಒಂದು ಶಾಲೆಯ ಸಮಾರಂಭಕ್ಕೆ ನಾವು ಅತಿಥಿಯಾಗಿ ಹೋಗಿದ್ದಾಗ, ಈ ಕಥೆಯನ್ನು ಚೆನ್ನಾಗಿ ಒಪ್ಪಿಸಿದ ಬಾಲಕನನ್ನು ಇದರ ತಾತ್ಪರ್ಯವೇನಪ್ಪಾ ಎಂದು ಕೇಳಿದೆವು. "ಅಕ್ಕಿಗಿಂತ ರಾಗಿಯಲ್ಲಿ ಪುಷ್ಟಿ ಹೆಚ್ಚು, ಸಾರ್" ಎಂದನು. ಸಭೆ ಚಪ್ಪಾಳೆ ತಟ್ಟಿತು. ಹುಡುಗ ಹೇಳಿದ್ದು ಸುಳ್ಳಲ್ಲ. ರಾಗಿಯು ಬಹುಕಾಲ ಕೆಡದೆ ಉಳಿಯುವುದೂ ನಿಜವೇ, ಆ ನಿಜದ ಮೇಲೆಯೇ ಕವಿಯು ಕಥೆಯನ್ನು ಕಟ್ಟಿದ್ದಾನೆ. ಆದರೆ ಧಾನ್ಯಗಳಿಗೆ ಕುಲವೆಲ್ಲಿಂದ ಬಂತು? ಹಳಿಯುವವನ ಬಾಯಲ್ಲಿ ಬರುವ ಮಾತುಗಳನ್ನು ನಾವು ಬೇರೆ ಎಲ್ಲಿ ಕೇಳಿದ್ದೇವೆ? ಆಳುವವನು ಶಾಸ್ತ್ರಗಳನ್ನು ತೆರೆದು ತೀರ್ಪು ಕೊಡದೆ ಇಬ್ಬರನ್ನೂ ಒಂದೇ ಸೆರೆಗೆ ಹಾಕಿದ್ದೇಕೆ? ಈ ಮೂರು ಪ್ರಶ್ನೆಗಳನ್ನು ಕೇಳಿದೊಡನೆ ಕಣಜದ ಕಥೆಯು ಸಮಾಜದ ಕಥೆಯಾಗುತ್ತದೆ. ಹುಟ್ಟಿನಿಂದ ಮೇಲು ಕೀಳುಗಳನ್ನು ಅಳೆಯುವ ಗರ್ವವನ್ನು, ಕಷ್ಟಕಾಲದಲ್ಲಿ ಉಳಿಯುವ ಸತ್ವದಿಂದ ಅಳೆದು ತೋರಿಸಿದ ಕನಕದಾಸರು, ಧಾನ್ಯದ ಹೆಸರಿನಲ್ಲಿ ಮನುಷ್ಯರಿಗೆ ಹೇಳಿದರು. ಇದನ್ನು ಅನ್ಯೋಕ್ತಿಯೆಂದು ಶಾಸ್ತ್ರವು ಕರೆಯುತ್ತದೆ. ಹೆಸರು ಮರೆತರೂ ಚಿಂತೆಯಿಲ್ಲ. ಆದರೆ ಪುಷ್ಟಿಯ ಮಾತನ್ನು ಮಾತ್ರ ಕಲಿತು ಹೊರಬಂದ ಬಾಲಕನಿಗೆ ಕನಕದಾಸರು ದೊರೆಯಲಿಲ್ಲ. ಒಂದು ಆಹಾರಪಟ್ಟಿ ದೊರೆಯಿತು.

ಇನ್ನು ವಿಡಂಬನೆ. ಕೇವಲ ಹಾಸ್ಯವು ನಗಿಸಿ ಬಿಡುತ್ತದೆ. ನಿಂದೆಯು ನೋಯಿಸಿ ಬಿಡುತ್ತದೆ. ವಿಡಂಬನೆಯು ನಗಿಸುತ್ತಲೇ ಒಂದು ದೋಷವನ್ನು ತೋರಿಸುತ್ತದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ನರ್ಮಮಾಲೆಯಲ್ಲಿ ತನ್ನ ಕಾಲದ ಲಂಚಕೋರ ಕಾಯಸ್ಥ ಅಧಿಕಾರಿಗಳನ್ನು ಹೀಗೆ ಬಯಲಿಗೆಳೆದನು. ನಮ್ಮಲ್ಲಿ ಟಿ.ಪಿ. ಕೈಲಾಸಂ ಅವರ ಟೊಳ್ಳುಗಟ್ಟಿಯು ಪರೀಕ್ಷೆಯ ಅಂಕಗಳನ್ನೇ ವಿದ್ಯೆಯೆಂದು ನಂಬಿದ ತಂದೆತಾಯಿಗಳನ್ನು ನಗಿಸಿ ನಾಚಿಸಿತು. ಡಾಕ್ಟರ್ ಎಂ. ಶಿವರಾಂ ಅವರು ೧೯೪೨ರಲ್ಲಿ ಆರಂಭಿಸಿದ ಕೊರವಂಜಿ ಪತ್ರಿಕೆಯು ೧೯೬೭ರವರೆಗೆ ನಡೆದು ಒಂದು ತಲೆಮಾರಿನ ಕನ್ನಡಿಗರಿಗೆ ತಮ್ಮನ್ನು ನೋಡಿ ತಾವೇ ನಗುವುದನ್ನು ಕಲಿಸಿತು.

ಅದನ್ನು ಗುರುತಿಸುವ ಕುರುಹುಗಳನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಕಲಿಸಬಹುದು. ಒಂದು, ಮಾತಿಗೂ ವಸ್ತುಸ್ಥಿತಿಗೂ ಹೊಂದದಿರುವುದು: ಚರಂಡಿಗೆ ಭಗೀರಥನು ಬೇಕಾಗಿಲ್ಲ. ಎರಡು, ಹೊಗಳಿಕೆಯಾಗಲಿ ಲೆಕ್ಕಾಚಾರವಾಗಲಿ ಅಳತೆ ಮೀರಿರುವುದು. ಮೂರು, ಮಾತನಾಡುವವನು ಗ್ರಂಥಕರ್ತನೇ ಅಲ್ಲದಿರುವುದು. ಈ ಮೂರನೆಯದಕ್ಕೆ ಪ್ರಸಿದ್ಧವಾದ ನಿದರ್ಶನ ಐರ್ಲೆಂಡಿನ ಜೊನಾಥನ್ ಸ್ವಿಫ್ಟ್. ೧೭೨೯ರಲ್ಲಿ ಅವನು ಪ್ರಕಟಿಸಿದ ಒಂದು ಕಿರುಹೊತ್ತಗೆಯಲ್ಲಿ, ಬಡವರ ಮಕ್ಕಳನ್ನು ವರ್ಷ ತುಂಬಿದೊಡನೆ ಧನಿಕರ ಊಟಕ್ಕೆ ಮಾರಿಬಿಟ್ಟರೆ ದೇಶದ ದಾರಿದ್ರ್ಯ ನೀಗುವುದೆಂದು ಒಬ್ಬ ಮನುಷ್ಯನು ಶಾಂತವಾಗಿ, ಅಂಕಿಗಳನ್ನು ಮುಂದಿಟ್ಟು, ಪರೋಪಕಾರಿಯ ಧಾಟಿಯಲ್ಲಿ ವಾದಿಸುತ್ತಾನೆ. ವಾದಿಸುವವನು ಸ್ವಿಫ್ಟ್ ಅಲ್ಲ; ಬಡವರನ್ನು ಅಂಕಿಗಳಾಗಿ ಎಣಿಸುತ್ತಿದ್ದವರ ಧ್ವನಿಯನ್ನೇ ಅವನು ಅನುಕರಿಸಿ ಅದರ ಕ್ರೌರ್ಯವನ್ನು ಕೊನೆಯವರೆಗೆ ನಡೆಯಿಸಿ ತೋರಿಸಿದನು. ಅದನ್ನು ಓದಿ ಅಸಹ್ಯಪಡುವ ವಿದ್ಯಾರ್ಥಿಯನ್ನು ಉಪಾಧ್ಯಾಯರು ಗದರಿಸಬಾರದು. ನಿನ್ನ ಅಸಹ್ಯ ಸರಿಯೇ, ಆದರೆ ಅದು ಬರೆದವನ ಮೇಲೆ ಬೀಳಬೇಕೋ, ಅವನು ತೋರಿಸಿದವರ ಮೇಲೆ ಬೀಳಬೇಕೋ ಎಂದು ಕೇಳಬೇಕು.

ಇಲ್ಲಿ ಕೆಲವು ಹಿರಿಯರು ಆಕ್ಷೇಪಿಸುವುದುಂಟು. ಹುಡುಗರಿಗೆ ವಿಡಂಬನೆಯನ್ನು ಕಲಿಸಿದರೆ ಗುರುಹಿರಿಯರನ್ನು ಅಣಕಿಸುವುದನ್ನು ಕಲಿತಾರೆಂಬುದು ಅವರ ಭಯ. ಅಣಕವನ್ನು ಹುಡುಗರಿಗೆ ಕಲಿಸಬೇಕಾಗಿಲ್ಲ. ಅದನ್ನು ಅವರು ಕಲಿತೇ ಶಾಲೆಗೆ ಬರುತ್ತಾರೆ. ಕಲಿಸಬೇಕಾದುದು ಅದರ ಮರ್ಯಾದೆಯನ್ನು. ನಮ್ಮ ದಾಸರು ನಿಂದಾಸ್ತುತಿಯಲ್ಲಿ ದೇವರನ್ನೇ ಹಂಗಿಸಿದರು. ಅದರಿಂದ ಭಕ್ತಿ ಕುಗ್ಗಲಿಲ್ಲ, ಸಲಿಗೆ ಬೆಳೆಯಿತು. ನಮ್ಮ ಪಂಡಿತರ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ನಮ್ಮನ್ನು ಮಹಾರಾಜರೆಂದ ಅದೇ ತಿಂಗಳಲ್ಲಿ ಬೇರೊಬ್ಬ ಹುಡುಗನು ದಿನವೂ ತಡವಾಗಿ ಬರತೊಡಗಿದನು. ನಾವೆಲ್ಲರೂ ಮತ್ತೊಂದು ಪಟ್ಟಾಭಿಷೇಕವನ್ನು ನಿರೀಕ್ಷಿಸಿ ಕುಳಿತೆವು. ಪಂಡಿತರು ಏನೂ ಹೇಳದೆ ಕೂರುವಂತೆ ಸನ್ನೆ ಮಾಡಿದರು. ಆ ಹುಡುಗನ ತಾಯಿ ಹಾಸಿಗೆ ಹಿಡಿದಿದ್ದಳೆಂದೂ, ಅವನು ನಾಲ್ಕು ಮನೆಗಳಿಗೆ ನೀರು ಹೊತ್ತು ಬರುತ್ತಿದ್ದನೆಂದೂ ನಮಗೆ ಆಮೇಲೆ ತಿಳಿಯಿತು. ಪಂಡಿತರು ಅದನ್ನು ಮೊದಲೇ ವಿಚಾರಿಸಿ ತಿಳಿದಿದ್ದರು. ತಿದ್ದಿಕೊಳ್ಳಬಹುದಾದ ದೋಷವನ್ನು ನಗಬಹುದು. ಹೊರಲಾರದ ಹೊರೆಯನ್ನು ನಗಬಾರದು. ಬಲವುಳ್ಳವನ ಸೊಕ್ಕು ವಿಡಂಬನೆಗೆ ವಿಷಯ. ಬಲವಿಲ್ಲದವನ ಕಷ್ಟವು ಅಲ್ಲ. ಈ ವಿವೇಕವನ್ನು ಪಾಠವಿಲ್ಲದೆ ಬೀದಿಗೆ ಬಿಟ್ಟರೆ ಹುಡುಗರು ಕಲಿಯುವುದು ಬೈಗುಳನ್ನು ಮಾತ್ರ.

ವಕ್ರವಾದ ಮಾತಿನ ಮಹತ್ವವನ್ನು ಪರತಂತ್ರವಾಗಿದ್ದ ನಮ್ಮ ದೇಶಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ. ೧೮೭೬ರಲ್ಲಿಯೇ ಬ್ರಿಟಿಷ್ ಸರ್ಕಾರವು ನಾಟಕ ಪ್ರದರ್ಶನಗಳನ್ನು ತಡೆಯುವ ಶಾಸನವನ್ನು ತಂದಿತು. ಅಂತಹ ಕಾಲದಲ್ಲಿ, ಲೋಕಮಾನ್ಯ ತಿಲಕರ ಕೇಸರಿ ಪತ್ರಿಕೆಯ ಸಹೋದ್ಯೋಗಿಯಾಗಿದ್ದ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್ ಅವರು ೧೯೦೭ರಲ್ಲಿ ಮರಾಠಿಯಲ್ಲಿ ಕೀಚಕವಧ ಎಂಬ ನಾಟಕವನ್ನು ರಂಗಕ್ಕೆ ತಂದರು. ಮಹಾಭಾರತದ ಕಥೆ, ಒಂದೇ ಒಂದು ಆಂಗ್ಲ ಹೆಸರೂ ಅದರಲ್ಲಿಲ್ಲ. ಆದರೂ ಕೀಚಕನಲ್ಲಿ ಕರ್ಜನ್ ಪ್ರಭುವನ್ನು, ದ್ರೌಪದಿಯಲ್ಲಿ ಭಾರತಮಾತೆಯನ್ನು, ಕಾಯೋಣವೆನ್ನುವ ಧರ್ಮರಾಯನಲ್ಲಿ ಮಿತವಾದಿಗಳನ್ನು, ತಾಳಲಾರದ ಭೀಮನಲ್ಲಿ ಉಗ್ರವಾದಿಗಳನ್ನು ಪ್ರೇಕ್ಷಕರು ಕಂಡುಕೊಂಡರು. ೧೯೧೦ರಲ್ಲಿ ಸರ್ಕಾರವು ಅದನ್ನು ನಿಷೇಧಿಸಿತು. ಅಲ್ಲಿ ನೆರೆದಿದ್ದ ಪ್ರೇಕ್ಷಕರಿಗೆಲ್ಲ ಅನ್ಯೋಕ್ತಿಯ ಲಕ್ಷಣ ಬಾಯಿಪಾಠವಾಗಿತ್ತೇ? ಹುಟ್ಟಿದಂದಿನಿಂದ ಹರಿಕಥೆಯನ್ನೂ ಪುರಾಣವನ್ನೂ ಕೇಳಿ, ಒಂದು ಕಥೆಯಲ್ಲಿ ಇನ್ನೊಂದನ್ನು ಕಾಣುವ ಅಭ್ಯಾಸ ಅವರಿಗಿತ್ತು. ಬಾಯಿಗೆ ಬೀಗ ಬಿದ್ದಾಗ ಅವರ ಕಿವಿಯೇ ಅವರನ್ನು ಕಾಪಾಡಿತು.

ಈಗ ಬಾಯಿಗೆ ಬೀಗವಿಲ್ಲ. ಅಪಾಯ ಇನ್ನೊಂದು ದಿಕ್ಕಿನಿಂದ ಬಂದಿದೆ. ಪ್ರತಿಯೊಬ್ಬನ ಅಂಗೈಯಲ್ಲಿಯೂ ಮೊಬೈಲು ಇದೆ. ಯಾರೋ ಹಾಸ್ಯಕ್ಕಾಗಿ ಬರೆದ ಸುಳ್ಳುಸುದ್ದಿಯ ಮಾದರಿಯು, ಬರೆದವರ ಹೆಸರನ್ನೂ ಪ್ರಕಟವಾದ ಸ್ಥಳವನ್ನೂ ಕಳಚಿಕೊಂಡು, ಕ್ಷಣಾರ್ಧದಲ್ಲಿ ಊರಿಂದೂರಿಗೆ ವಾರ್ತೆಯಾಗಿ ಹೋಗುತ್ತದೆ. ನಕ್ಕು ಬಿಡಬೇಕಾದುದನ್ನು ನಂಬಿ ಜಗಳವಾಡುವವರೂ, ನಿಜವಾದ ದ್ವೇಷವನ್ನು ಕಾರಿ ಸಿಕ್ಕಿಬಿದ್ದಾಗ ಅದು ಹಾಸ್ಯವೆಂದು ಜಾರಿಕೊಳ್ಳುವವರೂ ಏಕಕಾಲದಲ್ಲಿ ಹೆಚ್ಚಿದ್ದಾರೆ. ಮೊದಲನೆಯವರು ವಿಡಂಬನೆಯನ್ನು ಅರಿಯದವರು. ಎರಡನೆಯವರು ಅರಿತು ಅದರ ಹೆಸರನ್ನು ಕಳ್ಳತನದಿಂದ ಬಳಸುವವರು. ಹೇಳಿದವರು ಯಾರು, ಯಾರಿಗೆ, ಯಾವಾಗ, ಯಾವ ಧ್ವನಿಯಲ್ಲಿ ಎಂಬ ನಮ್ಮ ಪಂಡಿತರ ನಾಲ್ಕು ಪ್ರಶ್ನೆಗಳು ಈ ಇಬ್ಬರನ್ನೂ ಹಿಡಿಯಲು ಸಾಕು. ಆದಕಾರಣ ಇದು ಕಾವ್ಯರಸಿಕರ ಮನೋರಂಜನೆಯ ವಿಷಯವಲ್ಲ. ಪೌರನಿಗೆ ಅವಶ್ಯವಾದ ವಿದ್ಯೆ.

ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಬಹಳ ಸಣ್ಣದು. ಪಠ್ಯಕ್ಕೆ ಹೊಸ ಅಲಂಕಾರಗಳನ್ನು ಸೇರಿಸಬೇಕಾಗಿಲ್ಲ. ಇರುವುದರಲ್ಲಿ ಕೆಲವನ್ನು ಬಿಟ್ಟರೂ ನಷ್ಟವಿಲ್ಲ. ಹೆಸರಿಸಿರಿ ಎಂಬ ಪ್ರಶ್ನೆಯ ಜೊತೆಗೆ, ಇಲ್ಲಿ ಆಡದೆ ಉಳಿದ ಅರ್ಥ ಯಾವುದು, ಅದು ನಿಮಗೆ ಹೇಗೆ ತಿಳಿಯಿತು ಎಂಬ ಒಂದು ಪ್ರಶ್ನೆಯನ್ನು ಸೇರಿಸಲಿ. ಅದಕ್ಕೆ ಒಂದೇ ಉತ್ತರವಿರದು, ಮೌಲ್ಯಮಾಪನ ಕಷ್ಟವಾದೀತೆಂದು ಹೇಳುವವರಿಗೆ, ಕಷ್ಟವಾದುದರಿಂದಲೇ ಅದಕ್ಕೆ ಉಪಾಧ್ಯಾಯರು ಬೇಕೆಂದು ಉತ್ತರ ಕೊಡುತ್ತೇವೆ. ಗಾದೆಯನ್ನು ವಿಸ್ತರಿಸುವ ಬದಲು, ಅದನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಆಡಿಯಾರೆಂದು ಒಂದು ಸಣ್ಣ ಸಂಭಾಷಣೆಯನ್ನು ಬರೆಯಿಸಲಿ. ವರ್ಷಕ್ಕೊಂದು ಸಲವಾದರೂ ವಿದ್ಯಾರ್ಥಿಗಳು ತಮ್ಮದೇ ಯಾವುದಾದರೂ ದೋಷವನ್ನು ಕುರಿತು ವ್ಯಾಜಸ್ತುತಿಯೊಂದನ್ನು ಬರೆಯಲಿ. ತನ್ನನ್ನು ತಾನು ವಿಡಂಬಿಸಿಕೊಂಡವನು ಇತರರನ್ನು ವಿಡಂಬಿಸುವಾಗ ಅಳತೆ ತಪ್ಪುವುದಿಲ್ಲ. ತಾಯಿತಂದೆಗಳೂ ಮಕ್ಕಳೊಡನೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಇವರು ಇದನ್ನು ನಿಜವಾಗಿ ಹೇಳುತ್ತಿದ್ದಾರೆಯೇ ಎಂದು ಒಮ್ಮೆ ಕೇಳಿದರೆ ಸಾಕು. ಅರ್ಧ ಪಾಠ ಮನೆಯಲ್ಲಿಯೇ ಆಗುತ್ತದೆ.

ನಮ್ಮ ತಪ್ಪನ್ನೂ ಹೇಳಿ ಮುಗಿಸುತ್ತೇವೆ. ಆ ಬರಹವನ್ನು ಪ್ರಕಟಿಸಿದ ದಿನ ನಾವು ನಮ್ಮ ಜಾಣ್ಮ‌ೆಗೆ ಮೆಚ್ಚಿಕೊಂಡಿದ್ದೆವೇ ಹೊರತು, ಓದುವವರ ಅಭ್ಯಾಸವೇನೆಂಬುದನ್ನು ಯೋಚಿಸಿರಲಿಲ್ಲ. ನಿವೃತ್ತ ಗೃಹಸ್ಥರಿಗೆ ಕ್ಷಮಾಪಣೆಯ ಕಾಗದವನ್ನು ಬರೆದೆವು. ಅವರು ದೊಡ್ಡ ಮನಸ್ಸಿನಿಂದ ಕಚೇರಿಗೆ ಬಂದು, ಬರಹವನ್ನು ಮತ್ತೊಮ್ಮೆ ಓದಿ, ಸೊಳ್ಳೆಗಳ ಕಚೇರಿಯ ಸಾಲಿಗೆ ಬರುವಷ್ಟರಲ್ಲಿ ಮನಸಾರೆ ನಕ್ಕರು. ಅಧಿಕಾರಿಗಳಿಗೆ ಹತ್ತು ಪ್ರತಿಗಳನ್ನು ಕಳುಹಿಸಿಕೊಟ್ಟೆವು. ಆ ಚರಂಡಿಯು ಇಂದಿಗೂ ಮುಚ್ಚಳವಿಲ್ಲದೆಯೇ ಇದೆ; ಮಳೆಗಾಲಕ್ಕೆ ಮೊದಲು ಅದನ್ನು ಮುಚ್ಚಿಸಬೇಕೆಂದು ಪ್ರಾರ್ಥಿಸುತ್ತೇವೆ. ಈ ಕಡೆಯ ವಾಕ್ಯದಲ್ಲಿ ಲಕ್ಷಣೆಯೂ ಇಲ್ಲ, ವ್ಯಂಜನೆಯೂ ಇಲ್ಲ. ಇದನ್ನು ವಾಚ್ಯಾರ್ಥದಲ್ಲಿಯೇ ತೆಗೆದುಕೊಳ್ಳತಕ್ಕದ್ದು.